ತೆರ, ತಾಳಿ ಮತ್ತು ತಾರುಣ್ಯ: ಇಡಗುಂಜಿ ಸೀಮೆಯ ಯುವಜನರ ಆರೋಗ್ಯದ ಸಾಮಾಜಿಕ ಚರಿತ್ರೆ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಇಡಗುಂಜಿಯು ಮಹಾಗಣಪತಿಯ ಕ್ಷೇತ್ರವೆಂದು ನಾಡಿನಾದ್ಯಂತ ಪ್ರಸಿದ್ಧವಾಗಿದೆ. ದ್ವಿಭುಜನಾಗಿ ನಿಂತಿರುವ ಇಲ್ಲಿಯ ಗಣಪತಿಯ ಎದುರು ಮದುವೆಯ ಸಂಬಂಧವನ್ನು ನಿಶ್ಚಯಿಸುವ ಮುನ್ನ ‘ಪ್ರಸಾದ ಕೇಳುವ’ ರೂಢಿ ಬಹುಕಾಲದಿಂದ ನಡೆದುಬಂದಿದೆ. ಬಲಗಡೆಯ ಪ್ರಸಾದವಾದರೆ ಒಪ್ಪಿಗೆ. ಎಡಗಡೆಯದಾದರೆ ಬೇರೆ ಸಂಬಂಧವನ್ನು ನೋಡಬೇಕು. ಈ ಆಚರಣೆಯ ಧಾರ್ಮಿಕ ಅರ್ಥವನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಲ್ಲ. ಅದರ ಸಾಮಾಜಿಕ ರಚನೆ ಮಾತ್ರ ಇಲ್ಲಿ ಗಮನಾರ್ಹವಾದುದು. ಪ್ರಶ್ನೆಯನ್ನು ಕೇಳುವವರು ಹಿರಿಯರು. ಆ ಉತ್ತರದಿಂದ ಬದುಕು ನಿರ್ಧಾರವಾಗುವವರು ಕಿರಿಯರು.

ಯುವಜನರ ಆರೋಗ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆ, ಲಸಿಕೆ, ಸಾಂಕ್ರಾಮಿಕ ರೋಗಗಳಿಂದ ಪ್ರಾರಂಭಿಸುತ್ತಾರೆ. ಅದು ಅಗತ್ಯವೇ ಹೌದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 1946ರಲ್ಲಿ ರೂಪಿಸಿಕೊಂಡ ತನ್ನ ಸಂವಿಧಾನದಲ್ಲಿಯೇ ಆರೋಗ್ಯವೆಂದರೆ ರೋಗವಿಲ್ಲದ ಸ್ಥಿತಿ ಮಾತ್ರವಲ್ಲ, ದೈಹಿಕ, ಮಾನಸಿಕ ಹಾಗೂ ಸಾಮಾಜಿಕ ಕ್ಷೇಮವೂ ಹೌದು ಎಂಬ ನಿಲುವನ್ನು ತಾಳಿದೆ. ಅದೇ ಸಂಸ್ಥೆ 10ರಿಂದ 24 ವರ್ಷದವರೆಗಿನವರನ್ನು ಯುವಜನರೆಂದು ಗಣಿಸುತ್ತದೆ. ನಮ್ಮ ಸಮಾಜದಲ್ಲಿ ಈ ಹದಿನೈದು ವರ್ಷಗಳ ಅವಧಿಯ ಮೇಲೆ ಅತ್ಯಂತ ಹೆಚ್ಚಿನ ಪ್ರಭಾವ ಬೀರಿದ ಸಂಸ್ಥೆ ಯಾವುದು ಎಂದು ಕೇಳಿದರೆ ವಿವಾಹವೆಂದೇ ಉತ್ತರಿಸಬೇಕಾಗುತ್ತದೆ. ಇಡಗುಂಜಿ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಇಂದಿನವರೆಗೆ ವಿವಾಹದ ನಿರ್ಣಯವು ಯಾರ ಕೈಯಲ್ಲಿತ್ತು, ಅದು ತರುಣ ತರುಣಿಯರ ದೇಹ ಮನಸ್ಸುಗಳನ್ನು ಹೇಗೆ ರೂಪಿಸಿತು ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ. ಔಷಧ ಬದಲಾದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಈ ನಿರ್ಣಯದ ಹಕ್ಕು ಕೈ ಬದಲಾದಾಗ ಯುವಜನರ ಆರೋಗ್ಯ ಬದಲಾಗಿದೆ ಎಂಬುದು ಇಲ್ಲಿಯ ಪ್ರತಿಪಾದನೆ.

1887: ಕರ್ಕಿಯ ಪ್ರಹಸನ

ಇಡಗುಂಜಿಯಿಂದ ಉತ್ತರಕ್ಕೆ ಶರಾವತಿಯನ್ನು ದಾಟಿ ಹೊನ್ನಾವರ ಪಟ್ಟಣವನ್ನು ಹಾದುಹೋದರೆ ಕರ್ಕಿ ಗ್ರಾಮ ಸಿಗುತ್ತದೆ. ಈ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿದರು. ಆಧುನಿಕ ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕವೆಂದು ಸಾಹಿತ್ಯ ಚರಿತ್ರಕಾರರು ಇದನ್ನು ಗುರುತಿಸಿದ್ದಾರೆ. ಹವ್ಯಕ ಸಮಾಜದಲ್ಲಿ ಅಂದು ರೂಢಿಯಲ್ಲಿದ್ದ ಕನ್ಯಾವಿಕ್ರಯ, ಅಂದರೆ ವರನ ಕಡೆಯಿಂದ ತೆರ ಪಡೆದು ಹೆಣ್ಣು ಕೊಡುವ ಪದ್ಧತಿ, ಈ ಕೃತಿಯ ವಸ್ತು.

ಸಾಹಿತ್ಯ ಚರಿತ್ರೆಯಲ್ಲಿ ಈ ಪ್ರಹಸನದ ಸ್ಥಾನವನ್ನು ಕುರಿತು ಸಾಕಷ್ಟು ಚರ್ಚೆಯಾಗಿದೆ. ಆರೋಗ್ಯದ ಚರಿತ್ರೆಗೆ ಅದು ಆಕರವಾಗಬಲ್ಲದು ಎಂಬುದರ ಕಡೆಗೆ ಗಮನ ಹೋದದ್ದು ಕಡಿಮೆ. ಕೃತಿಗೆ ಶಾಸ್ತ್ರಿಗಳು ಕೊಟ್ಟ ಪರ್ಯಾಯ ಶೀರ್ಷಿಕೆ ‘ಕನ್ಯಾವಿಕ್ರಯದ ಪರಿಣಾಮವು’ ಎಂದು. ‘ಪರಿಣಾಮ’ ಎಂಬ ಪದದ ಆಯ್ಕೆ ಮಹತ್ವದ್ದು. ಪಾಪ, ದೋಷ, ಅಧರ್ಮ ಎಂಬ ಪದಗಳು ಅವರಿಗೆ ಸುಲಭವಾಗಿ ಒದಗುತ್ತಿದ್ದವು. ಅವುಗಳನ್ನು ಬಿಟ್ಟು ಅವರು ಒಂದು ಸಾಮಾಜಿಕ ರೂಢಿಯನ್ನು ಕಾರಣವೆಂದೂ ಮನುಷ್ಯರ ಬಾಳಿನಲ್ಲಿ ಕಾಣುವ ದುಃಸ್ಥಿತಿಯನ್ನು ಕಾರ್ಯವೆಂದೂ ನೋಡಿದರು. ಆರೋಗ್ಯದ ಸಾಮಾಜಿಕ ನಿರ್ಧಾರಕಗಳು ಎಂದು ಇಂದಿನ ಸಮಾಜವಿಜ್ಞಾನ ಕರೆಯುವ ವಿಚಾರದ ಬೀಜ ಈ ನೋಟದಲ್ಲಿದೆ.

ತೆರದ ತರ್ಕ ಸರಳವಾದುದು. ಹೆಣ್ಣಿಗೆ ಬೆಲೆ ಕಟ್ಟಿದಾಗ ಹೆಚ್ಚು ಕೊಡಬಲ್ಲವನು ಆಸ್ತಿ ಇದ್ದವನು. ಅಡಿಕೆ ತೋಟದ ಯಜಮಾನಿಕೆ ಕೈಗೆ ಬರುವ ಹೊತ್ತಿಗೆ ಗಂಡಸಿಗೆ ವಯಸ್ಸಾಗಿರುತ್ತದೆ. ಹೆಂಡತಿಯನ್ನು ಕಳೆದುಕೊಂಡು ಎರಡನೆಯ ಅಥವಾ ಮೂರನೆಯ ಸಂಬಂಧಕ್ಕೆ ಬಂದವನೂ ಆಗಿರುತ್ತಾನೆ. ಹೀಗಾಗಿ ಎಳೆಯ ಹುಡುಗಿಯರು ಮುಪ್ಪಿನ ಗಂಡಂದಿರಿಗೆ ಹೋಗುತ್ತಿದ್ದರು. ತೆರ ಹೊಂದಿಸಲಾರದ ಬಡ ತರುಣರು ಮದುವೆಯಿಲ್ಲದೆ ಉಳಿಯುತ್ತಿದ್ದರು, ಇಲ್ಲವೇ ಸಾಲದ ಹೊರೆಯೊಡನೆ ಸಂಸಾರವನ್ನು ಆರಂಭಿಸುತ್ತಿದ್ದರು. ಒಂದೇ ಪದ್ಧತಿಯು ಹುಡುಗಿಯ ಬಾಲ್ಯವನ್ನೂ ಹುಡುಗನ ಯೌವನವನ್ನೂ ಕಸಿಯುತ್ತಿತ್ತು. ಈ ಎರಡನೆಯ ನಷ್ಟವು ಸುಧಾರಣೆಯ ಚರಿತ್ರೆಯಲ್ಲಿ ಅಷ್ಟಾಗಿ ದಾಖಲಾಗದಿರುವುದು ಒಂದು ಕೊರತೆ.

ಇದು ಹವ್ಯಕರಿಗೆ ಮಾತ್ರ ಸೀಮಿತವಾದ ಸಂಗತಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ತೆರದ ಪದ್ಧತಿ ಕರ್ನಾಟಕದ ಅನೇಕ ಕೃಷಿಕ ಸಮುದಾಯಗಳಲ್ಲಿತ್ತು. ಆದರೆ ವಿಧವೆಯರ ಮರುಮದುವೆಗೆ ಅವಕಾಶವಿದ್ದ ಸಮುದಾಯಗಳಲ್ಲಿ ಅದರ ಪರಿಣಾಮ ಅಷ್ಟು ಕಠೋರವಾಗುತ್ತಿರಲಿಲ್ಲ. ಮರುಮದುವೆ ನಿಷಿದ್ಧವಾಗಿದ್ದಲ್ಲಿ ವಯಸ್ಸಾದ ಗಂಡನ ಸಾವಿನೊಂದಿಗೆ ಹುಡುಗಿಯ ಸಾಮಾಜಿಕ ಜೀವನವೂ ಮುಗಿಯುತ್ತಿತ್ತು. ತೆಲುಗು ನಾಡಿನಲ್ಲಿ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ನಾಟಕ 1892ರಲ್ಲಿ ರಂಗಕ್ಕೆ ಬಂದು 1897ರಲ್ಲಿ ಮುದ್ರಣಗೊಂಡಿತು. ಎರಡು ಭಾಷೆಗಳ ಆರಂಭಕಾಲದ ಸಾಮಾಜಿಕ ನಾಟಕಗಳು ಇದೇ ಪದ್ಧತಿಯನ್ನು ವಸ್ತುವಾಗಿಸಿಕೊಂಡದ್ದು ಆಕಸ್ಮಿಕವಲ್ಲ.

1887ನೆಯ ಇಸವಿಯನ್ನು ಇನ್ನೂ ಸ್ವಲ್ಪ ವಿಸ್ತಾರವಾದ ಹಿನ್ನೆಲೆಯಲ್ಲಿ ನೋಡಬಹುದು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಗಿತ್ತು. ಆದ್ದರಿಂದ ಹೊನ್ನಾವರದ ವಿದ್ಯಾವಂತರಿಗೆ ಮುಂಬಯಿಯ ಚರ್ಚೆಗಳು ಹತ್ತಿರವಾಗಿದ್ದವು. ಬೆಹರಾಮ್‌ಜಿ ಮಲಬಾರಿ ಅವರು ಬಾಲ್ಯವಿವಾಹ ಮತ್ತು ಬಲಾತ್ಕಾರದ ವೈಧವ್ಯವನ್ನು ಕುರಿತ ಟಿಪ್ಪಣಿಗಳನ್ನು 1884ರಲ್ಲಿ ಪ್ರಕಟಿಸಿದ್ದರು. ಬಾಲ್ಯದಲ್ಲಿ ಮದುವೆಯಾಗಿದ್ದ ರಖಮಾಬಾಯಿ ಗಂಡನ ಮನೆಗೆ ಹೋಗಲು ನಿರಾಕರಿಸಿದ ಮೊಕದ್ದಮೆಯಲ್ಲಿ, ಆಕೆ ಗಂಡನೊಡನೆ ಹೋಗಬೇಕು ಇಲ್ಲವೇ ಸೆರೆವಾಸ ಅನುಭವಿಸಬೇಕೆಂಬ ಆದೇಶ ಮುಂಬಯಿ ಹೈಕೋರ್ಟಿನಿಂದ ಹೊರಬಿದ್ದದ್ದು 1887ರ ಮಾರ್ಚಿಯಲ್ಲಿ. 1888ರಲ್ಲಿ ರಾಜಿಯಾಗಿ ಬಿಡುಗಡೆ ಪಡೆದ ಆಕೆ ಮುಂದೆ ಇಂಗ್ಲೆಂಡಿಗೆ ಹೋಗಿ ವೈದ್ಯೆಯಾದರು. ಅದೇ 1887ರ ಫೆಬ್ರುವರಿಯಲ್ಲಿ ಆನಂದಿಬಾಯಿ ಜೋಶಿ ತಮ್ಮ 21ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡರು. ಒಂಬತ್ತನೆಯ ವಯಸ್ಸಿನಲ್ಲಿ, ತಮಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯನಾದ ವಿಧುರನನ್ನು ಮದುವೆಯಾಗಿ, ಹದಿನಾಲ್ಕರಲ್ಲಿ ತಾಯಾಗಿ, ಹತ್ತು ದಿನಗಳಲ್ಲಿ ಮಗುವನ್ನು ಕಳೆದುಕೊಂಡ ಆನಂದಿಬಾಯಿ 1886ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದಿದ್ದರು. ಮಗುವಿನ ಸಾವೇ ಅವರನ್ನು ವೈದ್ಯಶಾಸ್ತ್ರದ ಕಡೆಗೆ ತಿರುಗಿಸಿತು. ಕರ್ಕಿಯ ಪ್ರಹಸನವು ಈ ಕಾಲದ ಕೃತಿ. ಎಳೆವಯಸ್ಸಿನ ವಿವಾಹವು ಧರ್ಮದ ಪ್ರಶ್ನೆಯೋ ದೇಹದ ಪ್ರಶ್ನೆಯೋ ಎಂಬ ಚರ್ಚೆ ಆಗತಾನೆ ತೆರೆದುಕೊಳ್ಳುತ್ತಿತ್ತು.

ಜ್ವರದ ನಾಡಿನಲ್ಲಿ ಎಳೆಯ ತಾಯಂದಿರು

ಎಳೆವಯಸ್ಸಿನ ಬಸಿರು ಎಲ್ಲೆಡೆಯೂ ಅಪಾಯಕರವೇ. ಪೂರ್ಣವಾಗಿ ಬೆಳೆಯದ ಸೊಂಟದ ಎಲುಬು, ರಕ್ತಹೀನತೆ, ಹೆರಿಗೆಯಲ್ಲಿ ಅಡಚಣೆ, ತೂಕ ಕಡಿಮೆಯಾದ ಶಿಶು ಇವೆಲ್ಲ ಹದಿವಯಸ್ಸಿನ ತಾಯ್ತನದೊಂದಿಗೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ ಎಂಬುದನ್ನು ವೈದ್ಯವಿಜ್ಞಾನ ದೃಢಪಡಿಸಿದೆ. ಉತ್ತರ ಕನ್ನಡದಲ್ಲಿ ಇದಕ್ಕೆ ಇನ್ನೊಂದು ಭಾರವೂ ಸೇರಿತ್ತು. ಅದು ಚಳಿಜ್ವರ. ಘಟ್ಟದ ಬುಡದ ಮತ್ತು ಘಟ್ಟದ ಮೇಲಿನ ಕಾಡುಸೀಮೆಗಳು ಮಲೇರಿಯಾಕ್ಕೆ ಕುಖ್ಯಾತವಾಗಿದ್ದವು. ಗರ್ಭಿಣಿಯರಿಗೆ, ಅದರಲ್ಲಿಯೂ ಚೊಚ್ಚಲ ಬಸಿರಿನವರಿಗೆ ಮಲೇರಿಯಾ ವಿಶೇಷವಾಗಿ ಅಪಾಯಕಾರಿ. ತೀವ್ರ ರಕ್ತಹೀನತೆ ಮತ್ತು ಗರ್ಭಸ್ರಾವಗಳಿಗೆ ಅದು ಕಾರಣವಾಗುತ್ತದೆ. ಆದ್ದರಿಂದ ಹದಿಮೂರು ಹದಿನಾಲ್ಕು ವಯಸ್ಸಿನ ಚೊಚ್ಚಲ ಬಸುರಿಯೊಬ್ಬಳು ತೋಟದ ಮನೆಯಲ್ಲಿ ಜ್ವರದಿಂದ ಮಲಗಿದಳೆಂದರೆ ಅದಕ್ಕೆ ಸೊಳ್ಳೆಯೊಂದೇ ಕಾರಣವಾಗಿರಲಿಲ್ಲ. ಆ ವಯಸ್ಸಿನಲ್ಲಿ ಅವಳನ್ನು ಆ ಸ್ಥಿತಿಗೆ ತಂದ ಸಾಮಾಜಿಕ ನಿರ್ಣಯವೂ ಅಷ್ಟೇ ಕಾರಣವಾಗಿತ್ತು.

ಈ ಎರಡು ಕಾರಣಗಳ ಪೈಕಿ ಮೊದಲನೆಯದು ಬೇಗ ಪರಿಹಾರ ಕಂಡಿತು. ಮುಂಬಯಿ ಪ್ರಾಂತದ ಮಲೇರಿಯಾ ವಿಭಾಗದ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1940ರ ದಶಕದ ಮಧ್ಯದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಪ್ರಯೋಗ ವ್ಯಾಪಕವಾಗಿ ನಡೆಯಿತು. ಅದರ ಫಲಿತಾಂಶಗಳು 1947ರಲ್ಲಿ ಪ್ರಕಟವಾದವು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂತಹ ಅನುಭವಗಳು ಬುನಾದಿಯಾದವು. ಗೋಡೆಗೆ ಮದ್ದು ಹೊಡೆಯುವುದು ಕೆಲವು ವರ್ಷಗಳ ಕೆಲಸವಾಗಿತ್ತು. ಗೋಡೆಯೊಳಗಿನ ರೂಢಿಯನ್ನು ಬದಲಿಸಲು ಅದರ ಹಲವು ಪಟ್ಟು ಕಾಲ ಹಿಡಿಯಿತು.

ವೈಧವ್ಯದ ಪರಿಣಾಮಗಳನ್ನು ದೇಹದ ರೋಗಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೇಶಮುಂಡನ, ಮಡಿಯ ಒಂದೇ ಬಟ್ಟೆ, ಒಪ್ಪೊತ್ತಿನ ಊಟ, ಶುಭಕಾರ್ಯಗಳಿಂದ ದೂರವಿರಬೇಕಾದ ಕಟ್ಟಳೆ ಇವು ಹದಿಹರೆಯದ ವಿಧವೆಯ ಪೋಷಣೆಯನ್ನೂ ಮನಃಸ್ಥಿತಿಯನ್ನೂ ಏಕಕಾಲಕ್ಕೆ ಕುಗ್ಗಿಸುತ್ತಿದ್ದವು. ಮಂಗಳೂರಿನ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ 1899ರಲ್ಲಿ ಇಂತಹ ಯುವ ವಿಧವೆಯನ್ನು ಕೇಂದ್ರದಲ್ಲಿಟ್ಟು ವಿದ್ಯೆ ಮತ್ತು ಮರುವಿವಾಹದ ದಾರಿಯನ್ನು ತೋರಿಸಿತು. ನಂಜನಗೂಡಿನ ತಿರುಮಲಾಂಬಾ ಅವರ ಜೀವನ ಇನ್ನೂ ನೇರವಾದ ಸಾಕ್ಷ್ಯ. 1887ರಲ್ಲಿಯೇ ಹುಟ್ಟಿದ ಅವರು ಬಾಲ್ಯದಲ್ಲಿ ಮದುವೆಯಾಗಿ ಹದಿನಾಲ್ಕರ ಹೊತ್ತಿಗೆ ವಿಧವೆಯಾದರು. ಓದು ಬರಹಗಳಲ್ಲಿ ತೊಡಗಿ, ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ನಡೆಸಿ, ಆಧುನಿಕ ಕನ್ನಡದ ಮೊದಲ ಪ್ರಮುಖ ಲೇಖಕಿಯರಲ್ಲಿ ಒಬ್ಬರಾದರು, 1982ರವರೆಗೆ ಬಾಳಿದರು. ಅದೇ ವೈಧವ್ಯ, ಅದೇ ಕಾಲ. ಆದರೆ ಓದಲು ಬಿಡುವ ಮನೆ ಇದ್ದುದರಿಂದ ಬದುಕಿನ ಗತಿ ಬೇರೆಯಾಯಿತು. ಯುವಮನಸ್ಸಿಗೆ ಆಘಾತವಾದಾಗ ಅದರ ಸುತ್ತಲಿನ ಕುಟುಂಬ ಹೇಗೆ ವರ್ತಿಸುತ್ತದೆ ಎಂಬುದು ಆಘಾತದಷ್ಟೇ ನಿರ್ಣಾಯಕವೆಂಬುದಕ್ಕೆ ಇದು ನಿದರ್ಶನ.

ಘಟ್ಟದ ಮೇಲಿನ ಕಾನೂನು, ಘಟ್ಟದ ಕೆಳಗಿನ ರೂಢಿ

ಕಾನೂನಿನ ಚರಿತ್ರೆ ಈ ಸೀಮೆಯಲ್ಲಿ ಒಂದು ವಿಚಿತ್ರ ಸನ್ನಿವೇಶವನ್ನು ಸೃಷ್ಟಿಸಿತ್ತು. ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಸುಮಾರು ಹನ್ನೊಂದು ವಯಸ್ಸಿನ ಬಾಲಕಿ ಮೂವತ್ತೈದರ ಗಂಡನ ಸಂಪರ್ಕದಿಂದ ಮೃತಪಟ್ಟ ಪ್ರಕರಣ ದೇಶವನ್ನು ಕಲಕಿದ ಮೇಲೆ, ಬ್ರಿಟಿಷ್ ಸರ್ಕಾರ 1891ರಲ್ಲಿ ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಮದುವೆಯ ವಯಸ್ಸನ್ನು ಅದು ಮುಟ್ಟಲಿಲ್ಲ. ಆದರೆ ಮೈಸೂರು ಸಂಸ್ಥಾನವು 1894ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಬಾಲ್ಯವಿವಾಹ ಪ್ರತಿಬಂಧಕ ಶಾಸನವನ್ನು ಜಾರಿಗೊಳಿಸಿತು. ಎಂಟು ವರ್ಷದೊಳಗಿನ ಬಾಲಕಿಯರ ಮದುವೆಯನ್ನೂ, ಐವತ್ತು ಮೀರಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು.

ಈ ಎರಡನೆಯ ಅಂಶವು ಕರ್ಕಿಯ ಪ್ರಹಸನ ಎತ್ತಿದ ಪ್ರಶ್ನೆಗೇ ಕೊಟ್ಟ ಉತ್ತರದಂತಿದೆ. ಆದರೆ ಕರ್ಕಿಗೆ ಅದು ಅನ್ವಯಿಸುತ್ತಿರಲಿಲ್ಲ. ಜೋಗದ ಬಳಿ ಶರಾವತಿಯೇ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತಕ್ಕೂ ಗಡಿಯಾಗಿತ್ತು. ಗೇರುಸೊಪ್ಪೆಯ ಘಟ್ಟವನ್ನು ಹತ್ತಿ ಸಾಗರ ಸೀಮೆಗೆ ಹೋದರೆ ಶಿಕ್ಷಾರ್ಹವಾಗುತ್ತಿದ್ದ ಮದುವೆ, ಘಟ್ಟದ ಕೆಳಗಿನ ಹೊನ್ನಾವರದಲ್ಲಿ ನಿರಾತಂಕವಾಗಿ ನಡೆಯಬಹುದಾಗಿತ್ತು. ಒಂದೇ ಭಾಷೆ, ಒಂದೇ ಬಳಗ, ಕೊಟ್ಟು ತಂದುಕೊಳ್ಳುವ ಸಂಬಂಧಗಳು. ಹುಡುಗಿಯ ದೇಹಕ್ಕೆ ಸಿಗುವ ರಕ್ಷಣೆ ಮಾತ್ರ ಆಡಳಿತದ ಗಡಿಯನ್ನು ಅವಲಂಬಿಸಿತ್ತು.

ಮೋರೋಪಂತ ಜೋಶಿಯವರ ಅಧ್ಯಕ್ಷತೆಯ ಸಮ್ಮತಿ ವಯಸ್ಸಿನ ಸಮಿತಿ 1928-29ರಲ್ಲಿ ದೇಶದಾದ್ಯಂತ ಸಾಕ್ಷ್ಯ ಸಂಗ್ರಹಿಸಿತು. ವೈದ್ಯರ ಹೇಳಿಕೆಗಳಿಗೆ ಅಲ್ಲಿ ವಿಶೇಷ ಸ್ಥಾನ ದೊರೆಯಿತು. 1929ರಲ್ಲಿ ಅಂಗೀಕಾರಗೊಂಡ ಶಾರದಾ ಕಾಯಿದೆ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದು ಹುಡುಗಿಗೆ 14, ಹುಡುಗನಿಗೆ 18 ಎಂಬ ಕನಿಷ್ಠ ವಯಸ್ಸನ್ನು ಗೊತ್ತುಪಡಿಸಿತು. ಆದರೆ ಆ ಕಾಯಿದೆ ದುರ್ಬಲವಾಗಿತ್ತು. ಶಿಕ್ಷೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ ಮತ್ತು ಸಾವಿರ ರೂಪಾಯಿ ದಂಡ. ಯಾರಾದರೂ ಒಂದು ವರ್ಷದೊಳಗೆ ದೂರು ಕೊಟ್ಟರೆ ಮಾತ್ರ ವಿಚಾರಣೆ. ನಡೆದ ಮದುವೆಯಾದರೋ ಊರ್ಜಿತವೇ. ತಂದೆಯ ಮೇಲೆ ದೂರು ಕೊಡುವ ಹುಡುಗಿಯನ್ನು ಆ ಕಾಲದಲ್ಲಿ ಕಲ್ಪಿಸಿಕೊಳ್ಳುವುದೇ ಕಷ್ಟ.

ಅನಂತರದ ಬೆಳವಣಿಗೆಗಳು ನಿಧಾನವಾದರೂ ಒಂದೇ ದಿಕ್ಕಿನವು. 1949ರಲ್ಲಿ ಹುಡುಗಿಯ ಕನಿಷ್ಠ ವಯಸ್ಸು 15ಕ್ಕೆ ಏರಿತು. 1978ರಲ್ಲಿ 18 ಮತ್ತು 21 ಎಂದಾಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂದಿತು. ಕರ್ನಾಟಕದಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಸಲ್ಲಿಸಿತು. ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧುವೆಂದು ಸಾರುವ ರಾಜ್ಯದ ತಿದ್ದುಪಡಿಯನ್ನು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಶಂಸೆಯೊಂದಿಗೆ ಉಲ್ಲೇಖಿಸಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ 18 ತುಂಬುವ ಮುನ್ನ ಮದುವೆಯಾದವರ ಪ್ರಮಾಣ ದೇಶದಲ್ಲಿ ಶೇ. 23.3, ಕರ್ನಾಟಕದಲ್ಲಿ ಶೇ. 21.3. ಐವರು ಯುವತಿಯರಲ್ಲಿ ಒಬ್ಬಳಿಗೆ ಕಾನೂನು ಇನ್ನೂ ತಲುಪಿಲ್ಲವೆಂದು ಇದರ ಅರ್ಥ.

ಕರಾವಳಿಯಲ್ಲಿ ಕಾನೂನಿಗಿಂತ ಶಾಲೆ ಹೆಚ್ಚು ಕೆಲಸ ಮಾಡಿತೆಂದು ಹೇಳಬಹುದು. ಭಟ್ಕಳದಲ್ಲಿ 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಸಂಸ್ಥೆಯೂ, ಸ್ವಾತಂತ್ರ್ಯಾನಂತರ ಹೊನ್ನಾವರ ಕುಮಟಾಗಳಲ್ಲಿ ಬೆಳೆದ ಕಾಲೇಜುಗಳೂ ಹುಡುಗಿಯರು ಮನೆಯ ಹೊರಗೆ ಕಳೆಯುವ ವರ್ಷಗಳನ್ನು ಕ್ರಮೇಣ ಹೆಚ್ಚಿಸಿದವು. ಓದುತ್ತಿರುವ ಹುಡುಗಿಗೆ ‘ಪರೀಕ್ಷೆ ಮುಗಿಯಲಿ’ ಎಂಬ ಮಾತು ಒಂದು ಗುರಾಣಿಯಾಯಿತು. ಮದುವೆಯನ್ನು ಮುಂದೂಡುವ ಈ ಸಾಧಾರಣ ಮಾತಿನ ಬಲದಿಂದ ಉಳಿದ ಜೀವಗಳನ್ನು ಯಾವ ವೈದ್ಯಕೀಯ ದಾಖಲೆಯೂ ಎಣಿಸಲಾರದು.

ಮನಸ್ಸಿನ ಕಡೆಗೆ ತಿರುಗಿದ ಗಮನ

ಸಾಮಾಜಿಕ ಕಟ್ಟುಪಾಡು ಮನಸ್ಸನ್ನು ರೋಗಗ್ರಸ್ತಗೊಳಿಸಬಲ್ಲದು ಎಂಬ ವಿಚಾರಕ್ಕೆ ಶಾಸ್ತ್ರೀಯ ರೂಪ ಕೊಟ್ಟವನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್. ಆತ್ಮಹತ್ಯೆಯನ್ನು ಕುರಿತ ಅವನ ಗ್ರಂಥ 1897ರಲ್ಲಿ ಪ್ರಕಟವಾಯಿತು. ಅದರ ಒಂದು ಅಡಿಟಿಪ್ಪಣಿಯಲ್ಲಿ ಅವನು ಅತಿಯಾದ ನಿರ್ಬಂಧದಿಂದ ಉಂಟಾಗುವ ಹತಾಶೆಗೆ ಉದಾಹರಣೆಯಾಗಿ ತೀರ ಎಳೆಯ ವಯಸ್ಸಿನ ಗಂಡಂದಿರನ್ನೂ ಮಕ್ಕಳಿಲ್ಲದ ಗೃಹಿಣಿಯರನ್ನೂ ಹೆಸರಿಸುತ್ತಾನೆ. ಮುಂದಿನ ದಾರಿ ಸಂಪೂರ್ಣವಾಗಿ ಮುಚ್ಚಿಹೋಗಿದೆ ಎಂಬ ಭಾವನೆಯೇ ಅವರ ಸಂಕಟದ ಮೂಲವೆಂದು ಅವನ ಅಭಿಪ್ರಾಯ. ಹತ್ತು ವರ್ಷ ಮೊದಲು ಕರ್ಕಿಯಲ್ಲಿ ಹಾಸ್ಯದ ಮೂಲಕ ಹೇಳಿದ್ದು ಇದಕ್ಕೆ ದೂರದ ಮಾತಲ್ಲ.

ಕನ್ನಡ ಕರಾವಳಿಯಲ್ಲಿಯೇ ಈ ಪ್ರಶ್ನೆಯನ್ನು ಕ್ಷೇತ್ರಕಾರ್ಯದ ಮೂಲಕ ಪರೀಕ್ಷಿಸಿದ ಮಹತ್ವದ ಅಧ್ಯಯನವೆಂದರೆ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’. 1976ರಲ್ಲಿ ಪ್ರಕಟವಾದ ಈ ಗ್ರಂಥದ ಕ್ಷೇತ್ರ, ಭಟ್ಕಳದಿಂದ ದಕ್ಷಿಣಕ್ಕೆ ಕುಂದಾಪುರವನ್ನು ದಾಟಿದರೆ ಸಿಗುವ, ಅಂದಿನ ದಕ್ಷಿಣ ಕನ್ನಡಕ್ಕೂ ಇಂದಿನ ಉಡುಪಿ ಜಿಲ್ಲೆಗೂ ಸೇರಿದ ಕೋಟ. ಬ್ರಾಹ್ಮಣ, ಬಂಟ ಮತ್ತು ಮೊಗೇರ ಸಮುದಾಯಗಳ ನಡುವೆ ನಡೆದ ಈ ಸಮೀಕ್ಷೆ, ಅಳಿಯಸಂತಾನದಿಂದ ಮಕ್ಕಳ ಸಂತಾನದ ಕಡೆಗೆ ಸರಿಯುತ್ತಿದ್ದ ಕುಟುಂಬವ್ಯವಸ್ಥೆಯೇ ಮೊದಲಾದ ಬದಲಾವಣೆಗಳಿಗೂ ಮಾನಸಿಕ ಒತ್ತಡಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿತು. ಸಂಕಟಕ್ಕೊಳಗಾದ ಜನ ಪಂಡಿತರು, ಮಂತ್ರವಾದಿಗಳು, ದರ್ಶನದ ಪಾತ್ರಿಗಳು ಹಾಗೂ ಆಧುನಿಕ ವೈದ್ಯರು ಎಲ್ಲರ ಬಳಿಗೂ ಹೋಗುತ್ತಿದ್ದುದನ್ನು ಕಪೂರ್ ದಾಖಲಿಸಿದ್ದಾರೆ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಗಿ ವಿಸ್ತಾರಗೊಂಡ ಕಾಲದಲ್ಲಿ ಇಂತಹ ಅಧ್ಯಯನಗಳು ಆಸ್ಪತ್ರೆಯ ಗೋಡೆಯ ಹೊರಗಿನ ಮನಸ್ಸನ್ನು ನೋಡಲು ಕಲಿಸಿದವು.

ಇಂದಿನ ಜ್ಞಾನ ಈ ದಿಕ್ಕಿನಲ್ಲಿ ಇನ್ನೂ ಸ್ಪಷ್ಟವಾಗಿದೆ. ಮಾನಸಿಕ ಅಸ್ವಸ್ಥತೆಗಳಲ್ಲಿ ಸುಮಾರು ಅರ್ಧದಷ್ಟು 18 ವರ್ಷದೊಳಗೆ ಆರಂಭವಾಗುತ್ತವೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಇಂತಹ ತೊಂದರೆ ಇರುವುದನ್ನು ಗುರುತಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ 1,70,924 ಜನರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವರು 18ರಿಂದ 30 ವಯಸ್ಸಿನೊಳಗಿನವರು. ಕಾರಣಗಳಲ್ಲಿ ಕಾಯಿಲೆಗಿಂತ ಮುಂಚೂಣಿಯಲ್ಲಿರುವುದು ಕೌಟುಂಬಿಕ ಸಮಸ್ಯೆಗಳು.

ತಿರುಗಿದ ತಕ್ಕಡಿ

1887ರಲ್ಲಿ ಪ್ರಹಸನಕ್ಕೆ ವಸ್ತುವಾದ ಸ್ಥಿತಿಗೂ ಇಂದಿನ ಸ್ಥಿತಿಗೂ ನಡುವೆ ತಕ್ಕಡಿ ತಿರುಗಿದೆ. ಅಂದು ಬಡ ತರುಣನಿಗೆ ತೆರವಿಲ್ಲದೆ ಹೆಣ್ಣು ಸಿಗುತ್ತಿರಲಿಲ್ಲ. ಇಂದು ತೋಟ, ಮನೆ ಇದ್ದರೂ ಊರಿನಲ್ಲಿಯೇ ಉಳಿದ ತರುಣನಿಗೆ ಹೆಣ್ಣು ಸಿಗುವುದು ಕಷ್ಟವಾಗಿದೆ. ಉತ್ತರ ಕನ್ನಡದ ಹವ್ಯಕರಲ್ಲಿ ಮಾತ್ರವಲ್ಲ, ರಾಜ್ಯದ ಅನೇಕ ಕೃಷಿಕ ಸಮುದಾಯಗಳಲ್ಲಿ ಇದು ಬಹಿರಂಗ ಚರ್ಚೆಯ ವಿಷಯ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ತರುಣರು ಮದುವೆಯಾಗಲೆಂದು ಹರಕೆ ಹೊತ್ತು ಕೆ. ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಈ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಕೆಲವರಿಗೆ ನಗೆಯ ವಿಷಯವಾಯಿತು. ಶಾಸ್ತ್ರಿಗಳ ಕೃತಿಯೂ ಪ್ರಹಸನವೇ ಆಗಿತ್ತು. ಅದರ ಒಳಗಿದ್ದದ್ದು ನಗುವ ಸಂಗತಿಯಾಗಿರಲಿಲ್ಲ.

ಈ ಸ್ಥಿತಿಗೆ ಹೆಣ್ಣುಮಕ್ಕಳನ್ನು ಹೊಣೆಯಾಗಿಸುವ ಮಾತು ಸುಲಭವಾಗಿ ಕೇಳಿಬರುತ್ತದೆ. ಚರಿತ್ರೆ ಅದನ್ನು ಒಪ್ಪುವುದಿಲ್ಲ. 2011ರ ಜನಗಣತಿಯಂತೆ ಉತ್ತರ ಕನ್ನಡದಲ್ಲಿ ಸಾವಿರ ಗಂಡಸರಿಗೆ 979 ಹೆಂಗಸರಿದ್ದರು. ಇದು ರಾಜ್ಯದ ಸರಾಸರಿಯಾದ 973ಕ್ಕಿಂತ ಮೇಲು. ಆದ್ದರಿಂದ ಹೆಣ್ಣುಗಳ ಸಂಖ್ಯೆಯ ಕೊರತೆಯೊಂದರಿಂದಲೇ ಈ ಸಮಸ್ಯೆಯನ್ನು ವಿವರಿಸಲಾಗದು. ಓದಿದ ಹುಡುಗಿಗೆ ಉದ್ಯೋಗ, ಸ್ವಂತ ಸಮಯ, ಸ್ವಂತ ಮಾತು ಇವು ಹಳ್ಳಿಯ ಕೂಡುಮನೆಯಲ್ಲಿ ದೊರೆಯುವ ಭರವಸೆ ಇಲ್ಲದಿರುವುದು ಮುಖ್ಯ ಕಾರಣ. ತನ್ನ ಮುತ್ತಜ್ಜಿಗೆ ಇರದಿದ್ದ ನಿರಾಕರಣೆಯ ಹಕ್ಕನ್ನು ಆಕೆ ಚಲಾಯಿಸುತ್ತಿದ್ದಾಳೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಮತ್ತು ಬೆಳೆದ ಹೆದ್ದಾರಿಗಳು ಮುಂಬಯಿ, ಬೆಂಗಳೂರುಗಳನ್ನು ಹತ್ತಿರ ತಂದಾಗ ಗಂಡು ಹೆಣ್ಣು ಎನ್ನದೆ ಓದಿದವರೆಲ್ಲ ಹೊರಟರು. ಉಳಿದವರು ಹಲವೊಮ್ಮೆ ಮನೆಯ ಹಿರಿಯರನ್ನೂ ತೋಟವನ್ನೂ ನೋಡಿಕೊಳ್ಳಲೆಂದೇ ಉಳಿದವರು. ಕರ್ತವ್ಯಕ್ಕೆ ಕಟ್ಟುಬಿದ್ದವನಿಗೇ ಸಮಾಜ ‘ಕೆಲಸಕ್ಕೆ ಬಾರದವನು’ ಎಂಬ ಹಣೆಪಟ್ಟಿ ಕಟ್ಟಿದಾಗ ಅವನ ಮನಸ್ಸಿನಲ್ಲಿ ಹುಟ್ಟುವ ಅವಮಾನ, ಏಕಾಂಗಿತನಗಳು ಆರೋಗ್ಯದ ಪ್ರಶ್ನೆಗಳಾಗುತ್ತವೆ. ನಿದ್ರೆ ಕೆಡುವುದು, ಊಟ ತಪ್ಪುವುದು, ಕುಡಿತ ಹತ್ತುವುದು ಇವು ಅದರ ಹೊರಗಿನ ಚಿಹ್ನೆಗಳು.

ಕುಡಿತದ ವಿಷಯದಲ್ಲಿ ನೆರೆಯ ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ನೆನೆಯಬೇಕು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವಾಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ನಿಧನರಾದ ಸುಕ್ರಜ್ಜಿ ಸಾರಾಯಿ ವಿರೋಧಿ ಚಳವಳಿಯಲ್ಲಿಯೂ ಮುಂದಾಳಾಗಿದ್ದರು. ಹರೆಯದವರನ್ನು ಕಬಳಿಸುತ್ತಿದ್ದ ಕುಡಿತವನ್ನು ಆಕೆ ವ್ಯಕ್ತಿಯ ದುರ್ಗುಣವೆಂದು ಬಿಡದೆ ಇಡೀ ಸಮುದಾಯದ ಸಂಕಟವಾಗಿ ಕಂಡರು. ಅಕ್ಷರ ಕಲಿಯದ ಹಾಡುಗಾರ್ತಿ ತಲುಪಿದ ಈ ತಿಳಿವಳಿಕೆ ಸಮುದಾಯ ಆರೋಗ್ಯಶಾಸ್ತ್ರದ ತಿಳಿವಳಿಕೆಯೇ ಆಗಿದೆ.

ಆಸರೆಯ ಸಂಸ್ಥೆಗಳು

ಸಾಮಾಜಿಕ ಅಂಶಗಳು ಕೆಡಿಸುವಂತೆ ಕಾಯಲೂ ಬಲ್ಲವು. ಇಡಗುಂಜಿಯ ಹೆಸರಿನೊಡನೆ ಬೆರೆತ ಯಕ್ಷಗಾನ ಅದಕ್ಕೊಂದು ಸ್ಥಳೀಯ ಉದಾಹರಣೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಆರಂಭಿಸಿ, ಮೇಳದ ಬೆನ್ನು ಹತ್ತಿ ಕಲಿಯುತ್ತಿದ್ದ ಹುಡುಗರಿಗೆ ಗುರುಕುಲದ ಮಾದರಿಯ ವ್ಯವಸ್ಥಿತ ಶಿಕ್ಷಣ ದೊರೆಯುವಂತೆ ಮಾಡಿದರು. ಅವರು 2009ರ ಫೆಬ್ರುವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ ಪಾತ್ರ ನಿರ್ವಹಿಸುತ್ತಿರುವಾಗಲೇ ಅಸ್ವಸ್ಥರಾಗಿ ತೀರಿಕೊಂಡದ್ದು ಇಲ್ಲಿಯ ಜನರ ನೆನಪಿನಲ್ಲಿ ಉಳಿದಿದೆ. ರಾತ್ರಿಯಿಡೀ ಆಟ, ಹಗಲು ನಿದ್ರೆ, ತಿಂಗಳುಗಟ್ಟಲೆ ತಿರುಗಾಟ ಇವು ಕಲಾವಿದರ ದೇಹವನ್ನು ದಣಿಸುತ್ತವೆ ಎಂಬುದು ನಿಜ. ಆದರೆ ಹದಿಹರೆಯದವನಿಗೆ ಗುರು, ಬಳಗ, ನಿಯಮಿತ ಅಭ್ಯಾಸ, ಊರಿನ ಮೆಚ್ಚುಗೆ ಇವೆಲ್ಲವನ್ನೂ ಒಟ್ಟಿಗೆ ಕೊಡುವ ಸಂಸ್ಥೆಗಳು ಹಳ್ಳಿಯಲ್ಲಿ ವಿರಳ. ತಾನು ಯಾರಿಗಾದರೂ ಬೇಕಾದವನು ಎಂಬ ಭಾವ ಮನಸ್ಸಿನ ಆರೋಗ್ಯಕ್ಕೆ ಮೊದಲ ಆಧಾರ.

ಸರ್ಕಾರದ ವ್ಯವಸ್ಥೆಯೂ ಈ ದಿಕ್ಕಿಗೆ ಹೊರಳಿದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳಿವೆ. ನಿಮ್ಹಾನ್ಸ್ ಸಹಯೋಗದಲ್ಲಿ ರೂಪುಗೊಂಡ ‘ಯುವ ಸ್ಪಂದನ’ ಯೋಜನೆ ಯುವಜನರಿಗೆ ಆಪ್ತಸಲಹೆಯನ್ನು ಜಿಲ್ಲೆಗಳಿಗೆ ಕೊಂಡೊಯ್ದಿತು. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ನೆರವು ದೊರೆಯುತ್ತದೆ. ಜಿಲ್ಲೆಗೆ ಸುಸಜ್ಜಿತ ಬಹುವಿಶೇಷ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ, ಮುಖ್ಯವಾಗಿ ಯುವಜನರು, 2019ರಲ್ಲಿಯೂ 2022ರಲ್ಲಿಯೂ ಎತ್ತಿದ ಕೂಗು ನ್ಯಾಯವಾದುದು. ಅದರೊಡನೆಯೇ, ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಆರೋಗ್ಯವನ್ನು ತೀರ್ಮಾನಿಸುವ ಸಂಗತಿಗಳತ್ತಲೂ ದೃಷ್ಟಿ ಹರಿಯಬೇಕಾಗಿದೆ.

ಸಮಾರೋಪ

ಕಳೆದ ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಈ ಅವಧಿಯನ್ನು ಒಟ್ಟಾಗಿ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ತೆರದ ಕಾಲದಲ್ಲಿ ಹುಡುಗಿಯ ಮಾತನ್ನು ಯಾರೂ ಕೇಳಲಿಲ್ಲ. ಅವಳ ಪರವಾಗಿ ಶಾಸ್ತ್ರಿಗಳು, ಸುಧಾರಕರು, ಶಾಸನಕಾರರು ಮಾತನಾಡಿದರು. ಅವಳಿಗೆ ಅಕ್ಷರ ಸಿಕ್ಕ ಮೇಲೆ ಅವಳೇ ಮಾತನಾಡಿದಳು. ಅಂದಿನಿಂದ ಅವಳ ಆಯುಸ್ಸು, ಆರೋಗ್ಯಗಳು ಸುಧಾರಿಸುತ್ತ ಬಂದವು. ಇಂದು ಊರಿನಲ್ಲಿ ಉಳಿದ ತರುಣನ ಸಂಕಟವನ್ನು ಕುರಿತು ಮಠ, ಸಂಘ, ಸಭೆಗಳು ಮಾತನಾಡುತ್ತಿವೆ. ಅವನು ತಾನೇ ತನ್ನ ದುಃಖವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಬಲ್ಲ ಸಂದರ್ಭ ಇನ್ನೂ ಒದಗಿ ಬರಬೇಕಾಗಿದೆ. ಹುಡುಗಿಯ ನಿರಾಕರಣೆಯನ್ನು ಅಪರಾಧವೆಂದು ಕಾಣದೆ, ಹುಡುಗನ ಒಂಟಿತನವನ್ನು ಪರಿಹಾಸ್ಯಕ್ಕೆ ಗುರಿಮಾಡದೆ, ಇಬ್ಬರಿಗೂ ಹಳ್ಳಿಯ ಬದುಕು ಗೌರವದ್ದಾಗುವಂತೆ ಮಾಡುವುದೇ ಮುಂದಿನ ದಾರಿ.

ಇಡಗುಂಜಿಯ ಸನ್ನಿಧಿಯಲ್ಲಿ ಹಿರಿಯರು ಇಂದಿಗೂ ಪ್ರಸಾದ ಕೇಳುತ್ತಾರೆ. ಆ ಶ್ರದ್ಧೆಗೆ ಭಂಗ ತರಬೇಕಾದ ಅಗತ್ಯವಿಲ್ಲ. ದೇವರನ್ನು ಕೇಳುವ ಮುನ್ನ ಮಗಳನ್ನೂ ಮಗನನ್ನೂ ಒಮ್ಮೆ ಕೂರಿಸಿಕೊಂಡು ಕೇಳುವ ರೂಢಿ ಅದರ ಜೊತೆಗೆ ಸೇರಿಕೊಂಡರೆ ಸಾಕು. ಈ ಸೀಮೆಯ ಯುವಜನರ ಆರೋಗ್ಯದ ಚರಿತ್ರೆಯು ನಮಗೆ ಕಲಿಸುವ ಪಾಠ ಇಷ್ಟೇ ಆಗಿದೆ.